ಹದಿನೇಳನೇ ನಂಬರಿನ ಬೀಗ

ಮಾರ್ಚ್ 12, ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕೋಲಾರದ ಗ್ರಾಮಾಂತರ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ವಕ್ಕಲೇರಿಯ ಅನಿತ, ಇನ್ನೊಬ್ಬರು ಅವಳ ಅತ್ತೆ ಅಶ್ವತ್ಥಮ್ಮ. ಹಿಂದಿನ ಶನಿವಾರ ನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಸತ್ತ ಕಾಂತರಾಜನ ಹೆಂಡತಿ ಮತ್ತು ತಾಯಿ. ಆ ಸಾವು ಅಸಹಜ ಸಾವೆಂದು ದಾಖಲಾಗಿ, ಪಂಚನಾಮೆ, ಮರಣೋತ್ತರ ಪರೀಕ್ಷೆ ಎಲ್ಲ ಮುಗಿದು, ಇನ್ನೇನು ಕಡತ ಮುಚ್ಚುವುದರಲ್ಲಿತ್ತು.

ಇನ್‌ಸ್ಪೆಕ್ಟರ್ ಗಂಗಾಧರ್ ಪೆನ್ನಿನ ಕ್ಯಾಪ್ ತೆಗೆದು ಕಾಗದದ ಪಕ್ಕಕ್ಕೆ ನೇರವಾಗಿ ಇಟ್ಟರು. ಇದನ್ನು ಹೇಳಲೇಬೇಕು, ಏಕೆಂದರೆ ಆ ಠಾಣೆಯಲ್ಲಿ ಯಾವುದೂ ಸೊಟ್ಟಗೆ ಇರುವ ಹಾಗಿರಲಿಲ್ಲ. ಟೀ ಕುಡಿಯಲು ಹೋದರೂ ಹೇಳಿ ಹೋಗಬೇಕು, ಐದು ನಿಮಿಷ ತಡವಾದರೂ ಕಾರಣ ಬರೆದುಕೊಡಬೇಕು. ಸಿಬ್ಬಂದಿ ಅವರನ್ನು ಬೆನ್ನ ಹಿಂದೆ 'ಸ್ಕೇಲು' ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದು ಸ್ವಲ್ಪ ಹೆಮ್ಮೆಯನ್ನೇ ಪಡುತ್ತಿದ್ದರು, ಪುಣ್ಯಾತ್ಮರು.

"ಹೇಳಮ್ಮ."

"ನಮ್ಮೆಜಮಾನ್ರು ಬೀಗ ಹಾಕ್ದೆ ಮೆಷಿನ್ ಒಳಗೆ ಹೋಗೋರಲ್ಲ ಸಾರ್. ಕಂಪನಿಯೋರು ಅವ್ರು ಬೀಗ ಹಾಕಿರ್ಲಿಲ್ಲ, ಅವರದೇ ತಪ್ಪು ಅಂತ ಹೇಳ್ಬಿಟ್ಟವ್ರೆ. ಅದು ಸುಳ್ಳು."

ಅವಳು ಹೇಳಿದ ಬೀಗದ ವಿಷಯ ಇಷ್ಟೆ. ಆ ಕಾರ್ಖಾನೆಯಲ್ಲಿ ಯಾರಾದರೂ ಯಂತ್ರದ ಒಳಗೆ ಇಳಿದು ಕೆಲಸ ಮಾಡಬೇಕಾದರೆ ಮೊದಲು ಕರೆಂಟ್ ತೆಗೆದು, ಸ್ವಿಚ್ ಪೆಟ್ಟಿಗೆಗೆ ತನ್ನದೇ ಬೀಗ ಜಡಿಯಬೇಕು. ಬೀಗಕ್ಕೆ ಅವನ ನಂಬರು, ಅವನ ಫೋಟೋ ಇರುವ ಬಿಲ್ಲೆ. ಬೀಗದ ಕೈ ಅವನ ಮೈಮೇಲೆ. ಅವನೇ ಹೊರಗೆ ಬಂದು ತೆಗೆಯುವ ತನಕ ಬ್ರಹ್ಮ ಬಂದರೂ ಯಂತ್ರ ಚಾಲೂ ಆಗಬಾರದು.

"ಹಾಕಿದ್ರು ಅನ್ನೋದಕ್ಕೆ ಸಾಕ್ಷಿ?"

ಅನಿತ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಬೀಗದ ಕೈ ಮೇಜಿನ ಮೇಲಿಟ್ಟಳು. 17 ಎಂದು ಅಚ್ಚು ಒತ್ತಿತ್ತು.

"ಮೈ ತೊಳೆಯೋವಾಗ ನನ್ ಮಗನ ಉಡಿದಾರದಾಗೆ ಸಿಕ್ತು ಸಾಮಿ," ಎಂದರು ಅಶ್ವತ್ಥಮ್ಮ. 

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ನರಸಿಂಹಪ್ಪನ ಮುಖ ಬಿಳಿಚಿಕೊಂಡಿತು. ಶವದ ಪಂಚನಾಮೆ ಬರೆದವನು ಅವನೇ. ಅದರಲ್ಲಿ ಬೀಗದ ಕೈ ಇರಲಿಲ್ಲ.

"ಮಂಗಳವಾರ ಹನ್ನೊಂದನೇ ದಿನದ ಕಾರ್ಯ ಸಾರ್," ಎಂದಳು ಅನಿತ. "ನೆಂಟರು, ಊರೋರು ಎಲ್ಲಾ ಸೇರ್ತಾರೆ. ಸಾವಿಗೆ ಬಂದೋರೆಲ್ಲ, ಸ್ವಲ್ಪ ನೋಡ್ಕೊಂಡು ಕೆಲ್ಸ ಮಾಡ್ಬಾರ್ದಿತ್ತಾ ಅಂತ ನನ್ ಮುಂದೇನೇ ಅಂದ್ರು. ಸತ್ತೋರನ್ನೂ ಬಯ್ತಾರೆ ಸಾರ್ ಜನ. ನಂಗಿನ್ನೇನೂ ಬೇಡ. ನನ್ ಗಂಡ ಬೀಗ ಹಾಕಿದ್ರು ಅಂತ ಆವತ್ತು ಎಲ್ಲರ ಮುಂದೆ ಹೇಳ್ಬೇಕು. ಅವರಪ್ಪನ ತಪ್ಪಿಂದ ಅವರಪ್ಪ ಸತ್ತ ಅಂತ ಕೇಳ್ಕೊಂಡು ನನ್ ಮಗಳು ಬೆಳೀಬಾರ್ದು."

ಗಂಗಾಧರ್ ದೂರನ್ನು ಪೂರ್ತಿ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ನಿರ್ಲಕ್ಷ್ಯದಿಂದ ಸಾವು, ಭಾರತೀಯ ನ್ಯಾಯ ಸಂಹಿತೆಯ ಕಲಂ 106(1), ಆರೋಪಿ ಯಾರೆಂದು ತಿಳಿದಿಲ್ಲ. ಎಫ್‌ಐಆರ್‌ನ ಪ್ರತಿ ಅವಳ ಕೈಗೆ ಕೊಟ್ಟು ಕಳಿಸಿದ ಮೇಲೆ ನರಸಿಂಹಪ್ಪನನ್ನು ಕರೆದರು.

"ಬೀಗದ ಕೈ ನೋಡಿದ್ರೇನ್ರೀ ನೀವು?"

"ನೋಡಿದ್ದೆ ಸಾರ್."

"ಯಾಕೆ ಬರೀಲಿಲ್ಲ?"

"ಮನೆ ಬೀಗದ್ದು ಅನ್ಕೊಂಡೆ ಸಾರ್. ಬರೆದು ಮುಗಿಸಿ ಪಂಚರ ಸಹಿ ಹಾಕಿಸಿದ್ಮೇಲೆ ಕಣ್ಣಿಗೆ ಬಿತ್ತು. ತಿದ್ದಿದ್ರೆ ನೀವು…" ನರಸಿಂಹಪ್ಪ ನೆಲ ನೋಡಿದ. "ಮೆಮೊ ಕೊಡ್ತಿದ್ರಿ ಸಾರ್."

ಗಂಗಾಧರ್ ಕೊಡುತ್ತಿದ್ದದ್ದು ನಿಜ.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ವಾಣಿಶ್ರೀ, ನರಸಿಂಹಪ್ಪ ಮತ್ತು ಇಬ್ಬರು ಪಂಚರೊಂದಿಗೆ ಗಂಗಾಧರ್ ನರಸಾಪುರದ ಕಾರ್ಖಾನೆಗೆ ಹೋದರು. ಗೇಟಿನಲ್ಲಿ ಕಂಪನಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಮ್ಯಾನೇಜರು ಅವರನ್ನು ನೇರ ಪ್ರೆಸ್ ಶಾಪಿಗೆ ಕರೆದೊಯ್ದು ಗೋಡೆಯ ಮೇಲಿನ ಹಲಗೆ ತೋರಿಸಿದರು. ಹಲಗೆಯ ತುಂಬ ಕೊಕ್ಕೆಗಳು, ಪ್ರತಿ ಕೊಕ್ಕೆಯಲ್ಲೂ ಒಂದೊಂದು ಕೆಂಪು ಬೀಗ.

"ನೋಡಿ ಸಾರ್, ಹದಿನೇಳನೇ ಕೊಕ್ಕೆ. ಬೀಗ ಇಲ್ಲೇ ಇದೆ. ಆಕ್ಸಿಡೆಂಟ್ ಆದಾಗ್ಲೂ ಇಲ್ಲೇ ಇತ್ತು, ನಿಮ್ಮ ಹೆಡ್ ಕಾನ್‌ಸ್ಟೇಬಲ್ಲೇ ನೋಡಿದಾರೆ. ಅವನು ತಗೊಂಡೇ ಇಲ್ಲ. ಪಾಪ, ಒಳ್ಳೇ ಹುಡುಗ. ಏನ್ ಮಾಡೋದು, ಒಂದು ಕ್ಷಣದ ಅಜಾಗರೂಕತೆ."

ಮ್ಯಾನೇಜರ ಪಕ್ಕದಲ್ಲಿ ಐವತ್ತರ ಆಚೆಯ ಒಬ್ಬ ಮನುಷ್ಯ ನಿಂತಿದ್ದ. ಕುತ್ತಿಗೆಯವರೆಗೂ ಗುಂಡಿ ಹಾಕಿದ ಸಮವಸ್ತ್ರ, ಜೇಬಿನಲ್ಲಿ ಎರಡು ಪೆನ್ನು, ಇಸ್ತ್ರಿ ಗೆರೆ ಕೂಡ ಮಾಸದ ಪ್ಯಾಂಟು. ಆ ಪಾಳಿಯ ಸೂಪರ್‌ವೈಸರ್ ಮುರಳಿಮೋಹನ್. ಮಾಸ್ತಿ ಕಡೆಯವನು, ಮಾಲೂರಿನಲ್ಲಿ ಮನೆ. ಅವನು ನಡೆದು ಬರುವಾಗ ಹರಟೆ ಹೊಡೆಯುತ್ತಿದ್ದ ಕೆಲಸಗಾರರು ಬಾಯಿ ಮುಚ್ಚಿ ದಾರಿ ಬಿಟ್ಟದ್ದನ್ನು ಗಂಗಾಧರ್ ಗಮನಿಸಿದ್ದರು. ನಿಜ ಹೇಳಬೇಕೆಂದರೆ, ಆ ಮನುಷ್ಯನನ್ನು ಕಂಡು ಅವರಿಗೆ ಒಳಗೊಳಗೇ ಹಿತವಾಗಿತ್ತು. ಇಂಥವನೊಬ್ಬ ತಮ್ಮ ಠಾಣೆಯಲ್ಲಿದ್ದಿದ್ದರೆ ಎಂದುಕೊಂಡಿದ್ದರು.

"ಆವತ್ತು ಯಂತ್ರ ಚಾಲೂ ಮಾಡಿದ್ದು ಯಾರು?"

"ನಾನು ಸಾರ್."

"ಆಗ ಹದಿನೇಳನೇ ಬೀಗ ಎಲ್ಲಿತ್ತು?"

"ಹಲಗೆ ಮೇಲೆ ಒಂದು ಬೀಗ ಇತ್ತು ಸಾರ್."

ಅಳೆದು ತೂಗಿದ ಉತ್ತರ. ಹೀಗೆ ಅಳೆದು ಮಾತಾಡುವುದು ಗಂಗಾಧರ್ ಅವರಿಗೂ ಚೆನ್ನಾಗಿ ಗೊತ್ತಿತ್ತು. ಕಾಂತರಾಜ್ ಕೆಲಸ ಮಾಡಿದ್ದು ಪ್ರೆಸ್ಸಿನ ಹಿಂಬದಿಯಲ್ಲಿ, ಸ್ವಿಚ್ ಇರುವುದು ಮುಂಬದಿಯಲ್ಲಿ. ನಡುವೆ ಆಳೆತ್ತರದ ಕಬ್ಬಿಣ. ಅಲ್ಲಿಂದ ಇಲ್ಲಿಗೆ ಏನೂ ಕಾಣದು, ಕಿವಿಗೆ ಬಿರಡೆ ಹಾಕಿಕೊಂಡವನಿಗೆ ಕೂಗಿದರೂ ಕೇಳದು.

ಅವರು ಅನಿತ ಕೊಟ್ಟ ಬೀಗದ ಕೈಯನ್ನು ಜೇಬಿನಿಂದ ತೆಗೆದು, ಪಂಚರ ಎದುರಿಗೆ ಹದಿನೇಳನೇ ಬೀಗಕ್ಕೆ ಹಾಕಿ ತಿರುಗಿಸಿದರು. ತಿರುಗಲಿಲ್ಲ. ಹತ್ತಿರ ಹಿಡಿದು ನೋಡಿದರೆ ಅಕ್ಕಪಕ್ಕದ ಬೀಗಗಳೆಲ್ಲ ಬಣ್ಣ ಸವೆದು ಎಣ್ಣೆ ಮೆತ್ತಿಕೊಂಡಿದ್ದವು. ಇದೊಂದು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

"ಮುರಳಿಮೋಹನ್, ಬೀಗದ ಕೈ ಕಳೆದುಹೋಗಿ ಬೀಗ ಕತ್ತರಿಸಬೇಕಾದ್ರೆ ನಿಮ್ಮಲ್ಲಿ ನಿಯಮ ಏನು?"

ಆತ ಉಸಿರು ಬಿಡದೆ ಒಪ್ಪಿಸಿದ. "ಬೀಗದ ಯಜಮಾನನ್ನ ಹುಡುಕಬೇಕು. ಅವನು ನಮ್ಮ ಕಣ್ಣೆದುರಿಗೆ ಬಂದು ನಿಂತ್ಮೇಲೆ ಮಾತ್ರ ಕತ್ತರಿಸಬೇಕು. ಕತ್ತರಿಸಿದ ಬೀಗ ಕೆಂಪು ಪೆಟ್ಟಿಗೆಗೆ ಹಾಕಬೇಕು. ಕೊಕ್ಕೆ ಖಾಲಿ ಬಿಡಬಾರದು, ಸ್ಟೋರಿಂದ ಹೊಸ ಬೀಗ ತಂದು ಹಾಕಬೇಕು. ಹಲಗೆ ತುಂಬಿದ್ಮೇಲೇ ಯಂತ್ರ ಚಾಲೂ."

"ಕೆಂಪು ಪೆಟ್ಟಿಗೆ ತೆಗೀರಿ."

"ಅದ್ಯಾಕೆ ಸಾರ್ ಈಗ, ಸೇಫ್ಟಿ ಆಫೀಸರ್ ರಜದಲ್ಲಿದಾರೆ…" ಎಂದು ಮ್ಯಾನೇಜರು ಶುರುಮಾಡಿದರು.

ಗಂಗಾಧರ್ ಅವರ ಕಣ್ಣು ಮುರಳಿಮೋಹನನ ಮೇಲೆಯೇ ಇತ್ತು. ತಪ್ಪನ್ನು ಮುಚ್ಚಿಡುವವನು ಬೀಗವನ್ನು ಕೆರೆಗೆ ಎಸೆಯುತ್ತಾನೆ, ಗುಜರಿಗೆ ಹಾಕುತ್ತಾನೆ. ಆದರೆ ಈ ಮನುಷ್ಯನಿಂದ ಅದು ಆಗದು. ಇವನ ಜಾಗದಲ್ಲಿ ತಾವಿದ್ದಿದ್ದರೂ ಬೀಗ ಹೋಗುತ್ತಿದ್ದದ್ದು ಅದೇ ಪೆಟ್ಟಿಗೆಗೆ. 

ಮುರಳಿಮೋಹನ್ ತಾನೇ ಹೋಗಿ ಪೆಟ್ಟಿಗೆ ಇಳಿಸಿ ತಂದ. ಸೀಲು ಒಡೆದು ಮುಚ್ಚಳ ತೆಗೆದರೆ ಒಳಗೆ ಇದ್ದದ್ದು ಒಂದೇ ಬೀಗ, ಕೊಂಡಿ ಎರಡು ತುಂಡು. ಬಿಲ್ಲೆಯಲ್ಲಿ ಮೀಸೆಯ ಯುವಕನೊಬ್ಬನ ಫೋಟೋ. ಅನಿತ ಕೊಟ್ಟ ಬೀಗದ ಕೈ ಹಾಕಿದೊಡನೆ ಬೀಗ ಸಲೀಸಾಗಿ ತಿರುಗಿತು. ವಾಣಿಶ್ರೀ ಫೋಟೋ ತೆಗೆದಳು.

"ಬಿಲ್ಲೆ ಹಿಂದೆ ಕತ್ತರಿಸಿದೋರ ಸಹಿ ಇದೆ ಸಾರ್, ಪಂಚನಾಮೇಲಿ ಅದನ್ನೂ ಬರ್ಕೊಳ್ಳಿ," ಎಂದ ಮುರಳಿಮೋಹನ್. ಆಮೇಲೆ, "ನಾನೇ ಕತ್ತರಿಸಿದ್ದು. ನಾನೇ ಸ್ವಿಚ್ ಒತ್ತಿದ್ದು," ಎಂದ.



"ಕಾಂತರಾಜ್ ಒಳಗಿಲ್ಲ ಅಂತ ಯಾರು ಹೇಳಿದ್ದು?"

"ಯಾರೂ ಇಲ್ಲ ಸಾರ್. ನಾನು ಹೋಗಿ ನೋಡ್ಲಿಲ್ಲ. ಅಷ್ಟೇ."

ಗಂಗಾಧರ್ ಎರಡು ಸಲ ಕೇಳಿದರು, ಎರಡು ಸಲವೂ ಅದೇ ಉತ್ತರ. ದಸ್ತಗಿರಿ ಮಾಡುವ ವಿಷಯ ತಿಳಿಸಿದಾಗ ಆತ ಒಂದೇ ಒಂದು ಮಾತು ಕೇಳಿದ. "ಪಾಳಿ ಒಪ್ಪಿಸಿ ಬರ್ಲಾ ಸಾರ್?" ಗಂಗಾಧರ್ ತಲೆಯಾಡಿಸಿದರು. ಯಾವ ಪ್ರೆಸ್ಸಿನ ಬೆಲ್ಟು ಸಡಿಲವಾಗಿದೆ, ಯಾವುದರ ಎಣ್ಣೆ ಸೋರುತ್ತಿದೆ ಎಂಬುದನ್ನೆಲ್ಲ ಮುಂದಿನ ಪಾಳಿಯವನಿಗೆ ಹೇಳಿ ಮುಗಿಸಿಯೇ ಆತ ಜೀಪು ಹತ್ತಿದ. ನೋಡುತ್ತ ನಿಂತ ಕೆಲಸಗಾರರಲ್ಲಿ ಒಬ್ಬನಾದರೂ ಹತ್ತಿರ ಬಂದು ಮಾತಾಡಿಸಲಿಲ್ಲ. ಹನ್ನೆರಡು ವರ್ಷ ಅಲ್ಲಿ ದುಡಿದವನು!

ಮಾರನೆಯ ದಿನ ಬೆಳಿಗ್ಗೆ ಠಾಣೆ ಗುಡಿಸುವುದಕ್ಕೆ ಮೊದಲೇ ಒಬ್ಬ ಮುದುಕ ಮೆಟ್ಟಿಲ ಮೇಲೆ ಕುಳಿತಿದ್ದ. ಶ್ರೀನಿವಾಸಪುರ ಕಡೆಯ ಚನ್ನರಾಯಪ್ಪ, ಅದೇ ಪ್ರೆಸ್ ಶಾಪಿನಲ್ಲಿ ಸಹಾಯಕ. ಗಂಗಾಧರ್ ಅವರನ್ನು ಕಂಡವನೇ ಎದ್ದು ಕೈಮುಗಿದ.

"ಮುರಳಿ ಸಾರ್‌ನ ಬಿಟ್ಬಿಡಿ ಸಾಮಿ. ಹೇಳಿದ್ದು ನಾನು. ನಾ ನೋರು ಪಡಿಪೋನು! ಈ ಬಾಯಿ ಬಿದ್ದೋಗ್ಲಿ!"

"ಏನು ಹೇಳಿದ್ರಿ?"

"ಎರಡು ಗಂಟೆ ಸೈರನ್ ಆಗಿತ್ತು ಸಾರ್. ಎಲ್ಲಾ ಬಸ್ ಕಡೆ ಓಡ್ತಿದ್ದೋ. ಮುರಳಿ ಸಾರ್ ಬೀಗ ನೋಡಿ, ಕಾಂತರಾಜ ಎಲ್ಲಿ ಅಂತ ಕೇಳಿದ್ರು. ಬಸ್ ಹತ್ತವ್ನೆ ಸಾರ್, ಕಿಟಕಿ ಪಕ್ಕ ಕೂತವ್ನೆ, ನನ್ ಕಣ್ಣಾರೆ ನೋಡ್ದೆ ಅಂದ್ಬಿಟ್ಟೆ."

"ನೋಡಿದ್ರಾ?"

"ಇಲ್ಲ ಸಾರ್." ಮುದುಕ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. "ಬೆಳಿಗ್ಗೆ ಅವ್ನು, ಇವತ್ತು ಬೇಗ ಹೋಗ್ಬೇಕು ಮಾಮ, ಮಗಳ ಸ್ಕೂಲಲ್ಲಿ ಡ್ಯಾನ್ಸ್ ಐತೆ ಅಂದಿದ್ದ. ಹೋಗಿರ್ತಾನೆ ಅನ್ಕೊಂಡೆ. ಗೊತ್ತಿಲ್ಲ ಅಂದಿದ್ರೆ ಮುರಳಿ ಸಾರ್ ಬಸ್ ನಿಲ್ಲಿಸಿ ಎಲ್ಲರ ತಲೆ ಎಣಿಸ್ತಿದ್ರು. ನಂಗೆ ಕೋಲಾರದಾಗೆ ಶ್ರೀನಿವಾಸಪುರದ ಬಸ್ ಹಿಡೀಬೇಕಿತ್ತು. ಅದಕ್ಕೇ… ಆ ಹುಡ್ಗ ಮುಂದಿನ ಪಾಳಿಯೋರಿಗೆ ತೊಂದ್ರೆ ಆಗ್ಬಾರ್ದು ಅಂತ ಸಿಕ್ಕಿದ್ದ ತಗಡು ಬಿಡಿಸ್ತಾ ಒಳಗೇ ಇದ್ನಂತೆ ಸಾರ್."

ಅವನ ಹೇಳಿಕೆ ಬರೆದುಕೊಂಡು ಮುಗಿಸುವ ಹೊತ್ತಿಗೆ ನರಸಿಂಹಪ್ಪ ಮೂಗು ಒರೆಸಿಕೊಳ್ಳುತ್ತಿದ್ದ. ಒಂದು ಬಸ್ಸಿಗೋಸ್ಕರ! ಮುದುಕನನ್ನು ಬಯ್ಯಬೇಕೆಂದು ಗಂಗಾಧರ್ ಅವರಿಗೂ ಅನ್ನಿಸಿತು. ಆದರೆ ಬೀಗದ ಕೈ ಕಂಡೂ ಬರೆಯದೆ ಬಿಟ್ಟ ಹೆಡ್ ಕಾನ್‌ಸ್ಟೇಬಲ್ ಪಕ್ಕದಲ್ಲೇ ನಿಂತಿರುವಾಗ ಯಾವ ಮುಖ ಇಟ್ಟುಕೊಂಡು ಬಯ್ಯುವುದು?

ಅವರು ಮುರಳಿಮೋಹನನನ್ನು ಒಳಕೋಣೆಗೆ ಕರೆಸಿದರು. ಜಾಮೀನು ಸಿಗುವ ಕಲಮು, ಹೆಂಡತಿ ಗಂಗಾಲಕ್ಷ್ಮಿ ಹಿಂದಿನ ಸಂಜೆಯೇ ಜಾಮೀನುದಾರರನ್ನು ಕರೆತಂದಿದ್ದಳು. ಅವನೇ ಮುಚ್ಚಳಿಕೆಗೆ ಸಹಿ ಹಾಕದೆ ಕುಳಿತಿದ್ದ.

"ಚನ್ನರಾಯಪ್ಪ ಎಲ್ಲಾ ಹೇಳಿದಾನೆ. ನೀವ್ಯಾಕೆ ಹೇಳ್ಲಿಲ್ಲ?"

"ಅವನು ಹೇಳಬಹುದು ಸಾರ್. ನಂಬಿದ್ದು ನಾನಲ್ವಾ."

"ಕಣ್ಣಾರೆ ನೋಡದೆ ನೀವು ಇದಕ್ಕೆ ಮೊದಲು ಯಾವತ್ತಾದ್ರೂ ಬೀಗ ಕತ್ತರಿಸಿದೀರಾ?"

"ಇಲ್ಲ." ಆತ ಅಂಗೈ ನೋಡಿಕೊಂಡ. "ದೀಪಾವಳಿ ಹಿಂದಿನ ದಿನ ಇದೇ ಕಾಂತರಾಜ್ ಬೀಗ ಮರೆತು ಬಸ್ ಹತ್ತಿಬಿಟ್ಟಿದ್ದ. ಗೇಟಲ್ಲಿ ಬಸ್ ನಿಲ್ಲಿಸ್ದೆ. ಅವನನ್ನ ಇಳಿಸಿ, ವಾಪಸ್ ನಡೆಸ್ಕೊಂಡು ಬಂದು, ಅವನ ಕೈಯಲ್ಲೇ ತೆಗೆಸ್ದೆ. ಬಸ್ ತುಂಬ ಜನ ಹಬ್ಬದ ಹೊತ್ತಲ್ಲಿ ಕಾದ್ರು. ಎಲ್ಲಾ ಸೇರಿ ಮೇಲೆ ದೂರು ಕೊಟ್ರು, ಈ ಮನುಷ್ಯನಿಗೆ ಕರುಳಿಲ್ಲ ಅಂತ."

"ಆಮೇಲೆ?"

"ಕಂಪನಿ ಕ್ಲಾಸ್ ಇಡ್ತು ಸಾರ್. ಬೆಂಗಳೂರಿಂದ ಒಬ್ರು ಮೇಡಂ ಬಂದ್ರು. ಪ್ರಶ್ನೆ ಕೇಳಿ ಯಾರು ಎಂಥಾ ಸ್ವಭಾವದೋರು ಅಂತ ಹೇಳೋರು. ನೀವು ನಿಯಮದ ಮನುಷ್ಯ, ನಿಮ್ಮಂಥೋರಿಲ್ದೆ ಕಂಪನಿ ನಡೆಯಲ್ಲ, ಆದ್ರೆ ನೀವು ಯಾರನ್ನೂ ನಂಬಲ್ಲ, ಅದಕ್ಕೇ ನಿಮ್ಮೆದುರು ಯಾರೂ ನಿಜ ಹೇಳಲ್ಲ ಅಂದ್ರು. ಜನ ಹೇಳಿದ್ದನ್ನ ನಂಬಿ ನೋಡಿ ಅಂದ್ರು. ಆಯಮ್ಮ ತಪ್ಪು ಹೇಳ್ಲಿಲ್ಲ ಸಾರ್. ಬೀಗದ ವಿಷಯದಲ್ಲಿ ನಂಬಿ ಅಂತಾನೂ ಹೇಳ್ಲಿಲ್ಲ. ನಾನು ಅದನ್ನೂ ಆರ್ಡರ್ ಅಂತಾನೇ ತಗೊಂಡೆ. ಜನವರಿಯಿಂದ ಚಾಚೂ ತಪ್ಪದೆ ನಂಬ್ತಾ ಬಂದೆ."

ಗಂಗಾಧರ್ ಬರೆದುಕೊಳ್ಳುತ್ತಿದ್ದರು, ಆತ ಮುಂದುವರಿಸಿದ.

"ಜನ ಮಾತಾಡೋಕೆ ಶುರು ಮಾಡಿದ್ರು ಸಾರ್. ಕಾಂತರಾಜ್ ಒಂದಿನ ಊಟದ ಹೊತ್ತಲ್ಲಿ ಪಕ್ಕ ಬಂದು ಕೂತ್ಕೊಂಡ. ಮಗಳ ಫೋಟೋ ತೋರಿಸ್ದ. ಹನ್ನೆರಡು ವರ್ಷದಲ್ಲಿ ಯಾರೂ ನಂಗೆ ಮಕ್ಕಳ ಫೋಟೋ ತೋರಿಸಿರ್ಲಿಲ್ಲ. ಮನೇಗೆ ಹೋಗಿ ನಮ್ಮೋಳಿಗೆ ಹೇಳ್ದೆ, ಲೇ, ಇವತ್ತು ಒಬ್ಬ ನಂಗೆ ಮಗಳ ಫೋಟೋ ತೋರಿಸ್ದ ಕಣೇ ಅಂತ."

ಗಂಗಾಧರ್ ಪೆನ್ನು ಕೆಳಗಿಟ್ಟರು. ಅದು ಉರುಳಿ ಕಡತದ ಅಡಿಗೆ ಹೋಯಿತು, ಅವರು ಎತ್ತಿಕೊಳ್ಳಲಿಲ್ಲ.

"ಚನ್ನರಾಯಪ್ಪ ಕಣ್ಣಾರೆ ನೋಡ್ದೆ ಅಂದಾಗ ಹಿಂದಕ್ಕೆ ಹೋಗಿ ನೋಡೋಣ ಅಂತ ಕಾಲು ಎತ್ತಿದೆ ಸಾರ್. ಹೋದ್ರೆ, ನಿನ್ನ ನಂಬಲ್ಲ ಕಣಯ್ಯ ಅಂದಂಗಾಗುತ್ತೆ ಅನ್ನಿಸ್ತು. ನಿಂತ್ಬಿಟ್ಟೆ. ಕತ್ತರಿಸಿ, ಪೆಟ್ಟಿಗೆಗೆ ಹಾಕಿ, ಹೊಸ ಬೀಗ ಕೊಕ್ಕೆಗೆ ಹಾಕಿ… ಎಲ್ಲಾ ಸರಿಯಾಗಿ ಮಾಡ್ದೆ. ಸ್ವಿಚ್ ಒತ್ತಿದೆ."

"ಮ್ಯಾನೇಜರ್ ಬಂದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಬೀಗ ಹಲಗೆ ಮೇಲೇ ಇದೆಯಲ್ಲ ಅಂದ್ರು. ಇದೆ ಸಾರ್ ಅಂದೆ. ಇತ್ತು. ಅದು ಸುಳ್ಳಲ್ಲ ಅಂತ ನಾಲ್ಕು ದಿನ ನಂಗೆ ನಾನೇ ಹೇಳ್ಕೊಂಡೆ. ಸತ್ತೋನ ಮೇಲೆ ತಪ್ಪು ಹೋಗ್ತಿರೋದು ಗೊತ್ತಿತ್ತು. ಬಾಯಿ ಬರ್ಲಿಲ್ಲ ಸಾರ್. ಸರಿಯಾಗಿರೋದು ಒಂದೇ ನಂಗೆ ಗೊತ್ತಿದ್ದ ವಿದ್ಯೆ. ತಪ್ಪು ಮಾಡ್ದೋನು ಹೇಗಿರ್ಬೇಕು ಅಂತ ಗೊತ್ತಿರ್ಲಿಲ್ಲ."

ಮಧ್ಯಾಹ್ನ ಗಂಗಾಧರ್ ಅನಿತಳನ್ನು ಠಾಣೆಗೆ ಕರೆಸಿದರು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅಶ್ವತ್ಥಮ್ಮನೂ ಬಂದರು. ಕತ್ತರಿಸಿದ ಬೀಗದ ಫೋಟೋ ತೋರಿಸಿ, "ನಿಮ್ಮೆಜಮಾನ್ರು ಬೀಗ ಹಾಕಿದ್ರಮ್ಮ. ಅವರದು ಏನೇನೂ ತಪ್ಪಿಲ್ಲ," ಎಂದರು. "ಮಂಗಳವಾರ ಯಾರಾದ್ರೂ ಅನುಮಾನ ಪಟ್ರೆ ನನ್ ಹೆಸರು ಹೇಳಿ, ನಾನೇ ಬಂದು ಹೇಳ್ತೀನಿ."

ಅಶ್ವತ್ಥಮ್ಮ ಫೋಟೋದ ಮೇಲೆ ಕೈಯಾಡಿಸಿ, "ನನ್ ಕಂದ ಹಾಕಿದ್ನಂತೆ ಕಣೇ, ಹಾಕಿದ್ನಂತೆ," ಎಂದು ಸೊಸೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಅನಿತ ಅಳಲಿಲ್ಲ. ಯಾರು ತೆಗೆದದ್ದು ಎಂದು ಕೇಳಿದಳು. ಗಂಗಾಧರ್ ನಡೆದದ್ದನ್ನೆಲ್ಲ ಹೇಳಿದರು. ಬಸ್ಸಿನದು, ಕ್ಲಾಸಿನದು, ಮುದುಕನದು, ಯಾವುದನ್ನೂ ಮುಚ್ಚಿಡಲಿಲ್ಲ.

ಹೊರಗಿನ ಬೆಂಚಿನ ಮೇಲೆ ಮುರಳಿಮೋಹನ್ ಕುಳಿತಿದ್ದ. ಮುಚ್ಚಳಿಕೆಗೆ ಸಹಿ ಆಗಿತ್ತು, ಗಂಗಾಲಕ್ಷ್ಮಿ ಅವನ ತೋಳು ಹಿಡಿದು ಏಳಿ ಏಳಿ ಎನ್ನುತ್ತಿದ್ದಳು, ಅವನು ಏಳುತ್ತಿರಲಿಲ್ಲ. ಅನಿತ ಬರುವುದನ್ನು ಕಂಡು ಎದ್ದು ನಿಂತ. ಏನಾದರೂ ಅನಾಹುತವಾದೀತೆಂದು ವಾಣಿಶ್ರೀ ನಡುವೆ ಬರಹೋದಳು. ಗಂಗಾಧರ್ ಬೇಡವೆಂದು ಕೈ ಅಡ್ಡ ಹಿಡಿದರು.

"ದೀಪಾವಳಿ ಹಿಂದಿನ ದಿನ ನಮ್ಮೆಜಮಾನ್ರು ಲೇಟಾಗಿ ಬಂದ್ರು ಸಾರ್," ಎಂದಳು ಅನಿತ. ದನಿ ಏರಿರಲಿಲ್ಲ. "ಅಷ್ಟು ಜನದ ಮುಂದೆ ಇಳಿಸಿ ನಡೆಸ್ಕೊಂಡೋದ ಅಂತ ನಿಮ್ಮನ್ನ ಬಾಯಿಗೆ ಬಂದಂಗೆ ಬಯ್ದ್ರು. ನಾನೂ ಬಯ್ದೆ. ನಮ್ಮತ್ತೆ ಮಣ್ಣು ತೂರಿ ಶಾಪ ಹಾಕಿದ್ರು. ಬಯ್ಕೊಂಡೇ ಎಲ್ಲಾ ಕೂತು ಊಟ ಮಾಡಿದ್ವಿ ಸಾರ್."

ಮುರಳಿಮೋಹನ್ ಕೈಮುಗಿದುಕೊಂಡೇ ನಿಂತಿದ್ದ.

"ಈ ಸಲಾನೂ ಬಯ್ಸ್ಕೋಬಾರ್ದಿತ್ತಾ ಸಾರ್? ಇನ್ನೊಂದು ಸಲ ಬಯ್ಸ್ಕೊಂಡಿದ್ರೆ ನಿಮ್ಗೇನಾಗ್ತಿತ್ತು?"

"ಬಯ್ಸ್ಕೋಬೇಕಿತ್ತಮ್ಮ," ಎಂದ ಮುರಳಿಮೋಹನ್. ಅಷ್ಟು ಹೇಳಿ ಅವಳ ಕಾಲ ಬಳಿ ನೆಲದ ಮೇಲೆಯೇ ಕುಸಿದು ಕುಳಿತು ಅತ್ತುಬಿಟ್ಟ. ಅನಿತಳಿಗೂ ಆಗಲೇ ಅಳು ಬಂತು. ಅವರಿಬ್ಬರೂ ಅಳುವಷ್ಟು ಹೊತ್ತು ಠಾಣೆಯಲ್ಲಿ ಯಾರೂ ಕೆಲಸ ಮಾಡಲಿಲ್ಲ, ಗಂಗಾಧರ್ ಮಾಡಿ ಎಂದು ಹೇಳಲೂ ಇಲ್ಲ.